ಬಳೆಯಲ್ಲಿದ್ದ ಪಿನ್ನು

"ಕೈ ಇನ್ನೂ ಮ್ಯಾಲೆ ಎತ್ತವಾ" ಎಂದು ಮತ್ತೆ ಗದರಿದೆ. ರಾಯಚೂರಿನ ಟೆನಿಸ್ ಕೋರ್ಟಿನಲ್ಲಿ ನನ್ನ ಶಿಷ್ಯೆ ಸರ್ವಿಸಿಗೆ ಚೆಂಡನ್ನು ತಲೆಯೆತ್ತರಕ್ಕಷ್ಟೇ ಎಸೆಯುತ್ತಿದ್ದಳು. ಆಟ ನೋಡಲು ಗಬ್ಬೂರಿನಿಂದ ಮೊದಲ ಸಲ ಬಂದಿದ್ದ ಅವಳ ತಾಯಿ ಬೇಲಿಯಾಚೆ ನಿಂತಿದ್ದರು.

ಹುಡುಗಿ ಅಳುಕುತ್ತಲೇ ಕೈ ಎತ್ತಿದಳು. ಅಂಗಿ ಮೇಲೆ ಸರಿದು ಹೊಟ್ಟೆ ಕಂಡಿತು. ಪಕ್ಕದ ಕೋರ್ಟಿನಲ್ಲಿ ಆಡುತ್ತಿದ್ದ ಗಂಡಸರು ಆಟ ಬಿಟ್ಟು ಅವಳತ್ತಲೇ ನೋಡಿದರು. ತಾಯಿ ಗೇಟು ತಳ್ಳಿ ನೇರ ಒಳಗೆ ಬಂದರು. ಮಗಳನ್ನು ಕರೆದುಕೊಂಡೇ ಹೋಗುತ್ತಾರೆ ಅಂದುಕೊಂಡೆ.

ಅವರು ತಮ್ಮ ಬಳೆಗೆ ಸಿಕ್ಕಿಸಿದ್ದ ಪಿನ್ನುಗಳನ್ನು ಬಿಚ್ಚಿ, ಮಗಳ ಅಂಗಿಯನ್ನು ಪ್ಯಾಂಟಿಗೆ ಬಿಗಿಯಾಗಿ ಚುಚ್ಚಿದರು. "ಈಗ ಎತ್ತು. ಮೇಡಮ್ಮಾರು ಎಷ್ಟೊತ್ತಿಂದ ಹೇಳಾಕತ್ತಾರ."

ಈ ಸಲ ಚೆಂಡು ತಲೆಗಿಂತ ಬಹಳ ಮೇಲೆ ಹೋಯಿತು. ಅಲ್ಲಿಯವರೆಗೆ ಅವಳ ಭುಜದಲ್ಲಿ ಬಲವಿಲ್ಲವೆಂದೇ ನಾನು ತಿಳಿದಿದ್ದೆ. ಈಗ ಹೊಸ ಹುಡುಗಿ ಬಂದರೆ ಮೊದಲು ಅಂಗಿ ನೋಡುತ್ತೇನೆ, ಆಮೇಲೆ ಕೈ.