ಭಾವನ ಕೆನೆಬಣ್ಣ

ನಮ್ಮ ಭಾವನಿಗೆ ಕೈಕೆಲಸ ಬರುವುದಿಲ್ಲ. ಇದು ಅವರೊಬ್ಬರನ್ನು ಬಿಟ್ಟು ಮಿಕ್ಕ ಎಲ್ಲರಿಗೂ ಗೊತ್ತು. ಕಚೇರಿಯಲ್ಲಿ ಟಪಾಲು ಗುಮಾಸ್ತರಾಗಿ ಇಪ್ಪತ್ತಾರು ವರ್ಷ ಲಕೋಟೆಗೆ ಅಂಟು ಹಚ್ಚಿದ್ದೇ ಅವರ ಕಸುಬು. ಅದರಲ್ಲೂ ಅರ್ಧ ಅಂಟು ಅಂಗಿಯ ತೋಳಿಗೆ ಹತ್ತಿರುತ್ತಿತ್ತು. ಇಂಥವರು ನಾಲ್ಕು ವರ್ಷದ ಹಿಂದೆ ಫೋನಿನಲ್ಲಿ ಯಾರೋ ಹಳೇ ಕುರ್ಚಿಗೆ ಬಣ್ಣ ಬಳಿದದ್ದನ್ನು ನೋಡಿದರು. ಅಲ್ಲಿಂದ ಅಕ್ಕನ ಮನೆಗೆ ಗ್ರಹಚಾರ ಹಿಡಿಯಿತು.

ಬೀದಿಯಲ್ಲಿ ಯಾರಾದರೂ ಮುರುಕು ಸ್ಟೂಲು ಎಸೆದರೆ ಸಂಜೆ ಅದು ಭಾವನ ಹೆಗಲ ಮೇಲೆ ಮನೆಗೆ ಬರುತ್ತಿತ್ತು. "ಹಳೇದಕ್ಕೆ ಹೊಸ ಜೀವ ಕೊಡ್ತೀನಿ" ಎನ್ನುತ್ತಿದ್ದರು. ಅವರು ಜೀವ ಕೊಟ್ಟ ಸ್ಟೂಲಿನ ಮೇಲೆ ಕೂತವರು ಎರಡು ಕಾಲನ್ನೂ ನೆಲಕ್ಕೆ ಊರಿಕೊಂಡೇ ಕೂರಬೇಕು. ಸ್ಯಾಂಡ್ ಪೇಪರ್ ಹಿಡಿದು ಉಜ್ಜುವುದೆಂದರೆ ಅವರಿಗೆ ಆಗದು. "ಬಣ್ಣ ಎಲ್ಲಾ ಮುಚ್ಚುತ್ತೆ ಬಿಡು" ಎಂದು ಎಣ್ಣೆಜಿಡ್ಡಿನ ಮೇಲೇ ಬಳಿಯುತ್ತಿದ್ದರು. ತಿಂಗಳೊಳಗೆ ಅದು ಸಿಪ್ಪೆ ಸುಲಿದಂತೆ ಎದ್ದು ಬರುತ್ತಿತ್ತು. ಕಪಾಟಿಗೆ ಬಳಿಯುವಾಗ ಕೀಲುಗಳಿಗೂ ಸೇರಿಸಿ ಬಳಿದದ್ದರಿಂದ, ಬಾಗಿಲು ತೆರೆಯಲು ಚಾಕು ಬೇಕಾಯಿತು. ಬೀದಿ ಕೊನೆಯ ಬಡಗಿ ಒಮ್ಮೆ ಒಳಗೆ ಬಂದು ಎಲ್ಲ ನೋಡಿ, "ಇಂಥ ಕೆಲಸ ನಾನು ಇದುವರೆಗೂ ನೋಡಿಲ್ಲ ಸಾರ್" ಅಂದ. ಭಾವ ಆ ಮಾತನ್ನು ಹೊಗಳಿಕೆಯೆಂದು ಒಂದು ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ನನ್ನ ಬೀರುವಿನ ಮೇಲೂ ಅವರ ಕಣ್ಣಿತ್ತು. ಅಪ್ಪ ನನಗೆ ಕೊಟ್ಟ ಮರದ ಬೀರು ಅದು, ಕಡುಕಂದು ಬಣ್ಣ, ಬಾಗಿಲು ಬೆರಳು ತಾಕಿಸಿದರೆ ಮುಚ್ಚಿಕೊಳ್ಳುತ್ತಿತ್ತು. "ಒಂದು ಭಾನುವಾರ ಕೊಡು ಸಾಕು, ಗುರುತೇ ಸಿಗದ ಹಾಗೆ ಮಾಡಿಕೊಡ್ತೀನಿ" ಎನ್ನುತ್ತಿದ್ದರು. "ನಾನು ಸತ್ತ ಮೇಲೆ ಮಾಡಿ ಭಾವ, ಆಗ ನೋಡೋಕೆ ನಾನಿರಲ್ಲ" ಎಂದು ನಾನೂ ಪ್ರತಿಸಲ ಹೇಳುತ್ತಿದ್ದೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಎರಡು ವರ್ಷದ ಹಿಂದೆ ಅಕ್ಕ ನನ್ನನ್ನು ಕರೆದುಕೊಂಡು, ಬಟ್ಟೆ ಅಂಗಡಿಗೆ ಹೋಗುತ್ತೇವೆಂದು ಭಾವನಿಗೆ ಸುಳ್ಳು ಹೇಳಿ, ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಅವಳ ಎರಡೂ ಕಣ್ಣಿನ ನರ ಸೊರಗುತ್ತಿದೆ, ಕನ್ನಡಕಕ್ಕೂ ಆಪರೇಷನ್ನಿಗೂ ಬಗ್ಗುವುದಿಲ್ಲ ಎಂದರು ಅವರು. "ತಿಳಿ ಬಣ್ಣಗಳು ಒಂದರಲ್ಲಿ ಒಂದು ಕಲೆತುಹೋಗುತ್ತವೆ. ಬಿಳಿ ಗೋಡೆ ಮುಂದೆ ಕಪ್ಪು ವಸ್ತು ಇದ್ದರೆ ಇನ್ನೂ ಬಹಳ ವರ್ಷ ಗೊತ್ತಾಗುತ್ತೆ. ಮನೆಯಲ್ಲಿ ಏನನ್ನೂ ಬದಲಾಯಿಸಬೇಡಿ" ಎಂದರು.

ಹೊರಗೆ ಬಂದ ಮೇಲೆ ಅಕ್ಕ ನನ್ನ ಕೈ ಹಿಡಿದು ಹೇಳಿದ್ದು ಒಂದೇ. "ಇವರಿಗೆ ಹೇಳಬೇಡ. ಅತ್ತೇನ ಏನು ಮಾಡಿದ್ರು ನೆನಪಿದೆಯಲ್ಲ."

ನೆನಪಿಲ್ಲದೆ ಏನು. ಭಾವನ ಅಮ್ಮನಿಗೆ ಕಣ್ಣು ಮಂಜಾಯಿತೆಂದು ಗೊತ್ತಾದ ದಿನವೇ ಮನೆಮಂದಿಯೆಲ್ಲ ಸೇರಿ ಅವರನ್ನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಲೋಟ ಎತ್ತಲು ಬಿಡಲಿಲ್ಲ, ಒಂದು ಹಿಡಿ ಸೊಪ್ಪು ಸೋಸಲು ಬಿಡಲಿಲ್ಲ. "ನೀವು ಸುಮ್ಮನೆ ಕೂತಿರಿ" ಎಂದು ಎಲ್ಲರೂ ಪ್ರೀತಿಯಿಂದಲೇ ಹೇಳಿದರು. ಆ ಹೆಂಗಸು ಆರು ವರ್ಷ ಹಾಗೇ ಕೂತಿದ್ದು ತೀರಿಹೋದರು. ಅಕ್ಕನಿಗೆ ಕಣ್ಣು ಹೋಗುವುದಕ್ಕಿಂತ ಆ ಕುರ್ಚಿಯ ಭಯವೇ ಹೆಚ್ಚಾಗಿತ್ತು.

ಭಾವ ಅಲ್ಲಿಯವರೆಗೆ ಬಳಿದದ್ದೂ ಸೇರಿ ಅವಳ ಮನೆಯ ಸಾಮಾನೆಲ್ಲ ಕಡು ಬಣ್ಣದ್ದು. ತಿಳಿ ಗೋಡೆಯ ಮುಂದೆ ಕಪ್ಪಗೆ ಕಾಣುವ ಮೇಜು, ಕಪಾಟು, ಮಂಚ ಇವನ್ನೇ ಗುರುತಿಟ್ಟುಕೊಂಡು ಅವಳು ಅಡಿಗೆ ಮಾಡುತ್ತಿದ್ದಳು, ಬಟ್ಟೆ ಮಡಿಸುತ್ತಿದ್ದಳು, ಬಂದವರಿಗೆ ಕಾಫಿ ಕೊಡುತ್ತಿದ್ದಳು. ಯಾರಿಗೂ ಅನುಮಾನ ಬರಲಿಲ್ಲ.

ಹೀಗೆ ವರ್ಷ ಕಳೆಯುತ್ತಿರುವಾಗ ಬಣ್ಣದಂಗಡಿಯವನು ಯಾರಿಗೋ ಕಲಸಿದ್ದ ಕೆನೆಬಣ್ಣ ತಪ್ಪಾಗಿ, ಅವರು ಬೇಡವೆಂದು ಬಿಟ್ಟುಹೋದರು. ಇಪ್ಪತ್ತು ಲೀಟರಿನ ಡಬ್ಬ. ಊರಲ್ಲಿ ಯಾರೂ ಮುಟ್ಟದ ಆ ಮಾಲನ್ನು ಮೂರುಕಾಸಿಗೆ ಹೊತ್ತುಕೊಂಡು ಬಂದ ಜಾಣ ಯಾರೆಂದು ಬೇರೆ ಹೇಳಬೇಕೇ?

"ಮನೆ ಗವಿ ಥರ ಇದೆ. ಎಲ್ಲಾ ಒಂದೇ ಬಣ್ಣ ಹೊಡೆದ್ರೆ ದೊಡ್ಡದಾಗಿ ಕಾಣುತ್ತೆ" ಎಂದರು ಭಾವ.

"ಇರೋದೇ ಚೆನ್ನಾಗಿದೆಯಲ್ರೀ" ಎಂದಳು ಅಕ್ಕ.

"ನಿನಗೆ ಇದೆಲ್ಲ ಗೊತ್ತಾಗಲ್ಲ ಕಣೇ."

ಎರಡು ವಾರದಲ್ಲಿ ಮೇಜು, ಮಂಚ, ಕಪಾಟು, ಸ್ಟೂಲು, ಕಡೆಗೆ ಬಾಗಿಲ ಚೌಕಟ್ಟೂ ಗೋಡೆಯ ಬಣ್ಣವೇ ಆಯಿತು. ಅವರಮ್ಮನ ಕುರ್ಚಿಯನ್ನೂ ಅಟ್ಟದಿಂದ ಇಳಿಸಿ, ಬಳಿದು, ಮತ್ತೆ ಅದೇ ಕಿಟಕಿ ಪಕ್ಕ ಇಟ್ಟರು. ನೋಡಲು ಬಂದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಕಣ್ಣು ನೆಟ್ಟಗಿರುವ ನನಗೇ ಮೇಜಿನ ಮೂಲೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಹುಡುಕಬೇಕಾಯಿತು. ಭಾವ ಸೊಂಟದ ಮೇಲೆ ಕೈಯಿಟ್ಟು "ಹೇಗಿದೆ?" ಅಂದರು. ಆ ಡಬ್ಬವನ್ನು ಅವರ ತಲೆಮೇಲೆ ಕವುಚಬೇಕೆನ್ನಿಸಿತು.

ಅಕ್ಕನ ಮೊಣಕಾಲು ನೀಲಿಗಟ್ಟಿತು. ಮೇಜಿನ ಮೇಲಿಟ್ಟೆನೆಂದು ಲೋಟವನ್ನು ಗಾಳಿಯಲ್ಲಿ ಬಿಟ್ಟಳು. ಇಲ್ಲದ ಸ್ಟೂಲಿನ ಮೇಲೆ ಕೂರಲು ಹೋಗಿ ಬಿದ್ದಳು. ಆಗ ನಮ್ಮ ಮಹಾನುಭಾವರು ಆಡಿದ ಮಾತು ಕೇಳಿ: "ಗಮನ ಎಲ್ಲಿರುತ್ತೆ ನಿನಗೆ? ನೋಡು, ಅಂಚಲ್ಲಿ ಬಣ್ಣ ಎದ್ದುಹೋಯ್ತು."

ಒಂದು ಮಧ್ಯಾಹ್ನ ಹೋದಾಗ ಅಕ್ಕ ಅತ್ತೆಯ ಕುರ್ಚಿಯಲ್ಲಿ ಕೂತಿದ್ದಳು. ಕೈ ಖಾಲಿ, ಮಡಿಲಲ್ಲಿತ್ತು. ಕಿಟಕಿಯ ಬೆಳಕು ಹಿಂದಿದ್ದುದರಿಂದ ಮನೆಯಲ್ಲಿ ಆ ಕುರ್ಚಿಯೊಂದೇ ಅವಳಿಗೆ ಕಾಣುತ್ತಿತ್ತಂತೆ. "ಯಾರೂ ಕೂರಿಸಲಿಲ್ಲ ನೋಡು, ನಾನೇ ಬಂದು ಕೂತೆ" ಎಂದಳು. ಭಾವನಿಗೆ ಇವತ್ತೇ ಹೇಳಿಬಿಡ್ತೀನಿ ಎಂದೆದ್ದೆ. "ಬಾಯಿ ಬಿಟ್ಟರೆ ನನ್ನ ಮನೆಗೆ ಬರಬೇಡ" ಎಂದಳು. ಹಲ್ಲು ಕಚ್ಚಿಕೊಂಡು ವಾಪಸು ಬಂದೆ.

ಮರುವಾರ ಹೋದಾಗ ಅಕ್ಕ ನೆಲದ ಮೇಲೆ ಕೂತಿದ್ದಳು. ಕಿಟಕಿ ಸರಳಿಗೆ ಬಳಿದು ಮಿಕ್ಕಿದ್ದ ಕಪ್ಪು ಬಣ್ಣದ ಡಬ್ಬಿ ಪಕ್ಕದಲ್ಲಿತ್ತು. ಎಡಗೈ ಬೆರಳಿನಿಂದ ಮೇಜಿನ ಅಂಚು ತಡವುತ್ತ, ಅದರ ಹಿಂದೆಯೇ ಬಲಗೈಯಲ್ಲಿ ಬ್ರಷ್ ಎಳೆಯುತ್ತಿದ್ದಳು. ಕಪಾಟಿನ ಹಿಡಿ, ಮಂಚದ ಕಾಲು, ಬಾಗಿಲ ಚೌಕಟ್ಟು ಆಗಲೇ ಮುಗಿದಿದ್ದವು. ಗೆರೆ ಹೆಬ್ಬೆರಳ ದಪ್ಪ, ಅಂಕುಡೊಂಕು.

"ಕೊಡು, ನಾನು ಬಳೀತೀನಿ" ಎಂದೆ.

"ನೀನು ಡಬ್ಬಿ ಹಿಡ್ಕೋ ಸಾಕು."

ಡಬ್ಬಿ ಹಿಡಿದುಕೊಂಡೇ ಇದ್ದೆ, ಅಷ್ಟರಲ್ಲಿ ಭಾವ ಕಚೇರಿಯಿಂದ ಬಂದರು. ಊಟದ ಡಬ್ಬಿಯ ಚೀಲ ಕೈಯಲ್ಲೇ ಇತ್ತು. ಮನೆಯ ಸುತ್ತ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ನನ್ನ ಮೇಲಿನ ಹೊಟ್ಟೆಕಿಚ್ಚನ್ನ ಹೀಗೆ ತೀರಿಸ್ಕೊಂಡೆಯಾ?"

"ಅವಳಲ್ಲ, ನಾನು" ಎಂದಳು ಅಕ್ಕ. "ನನಗೆ ಕಣ್ಣು ಕಾಣಿಸ್ತಿಲ್ಲ ರೀ. ಒಂದು ವರ್ಷ ಆಯ್ತು. ಕಪ್ಪಗಿದ್ದರೆ ಮಾತ್ರ ತಿಳಿಯುತ್ತೆ. ನೀವು ಬಳಿದ ಮೇಲೆ ನನ್ನ ಮನೆ ನನಗೆ ಸಿಗ್ತಿಲ್ಲ." ಬ್ರಷ್ ಬಿಡದೆ, "ಅತ್ತೇನ ಕೂರಿಸಿದ ಹಾಗೆ ನನ್ನನ್ನ ಕೂರಿಸಬೇಡಿ" ಎಂದಳು.

ಭಾವ ಚೀಲ ಕೆಳಗಿಟ್ಟು ಅವಳ ಕಡೆ ಬಂದರು. ಮುಗಿಯಿತು, ಇನ್ನು ತೋಳು ಹಿಡಿದು ಕುರ್ಚಿಗೆ ಕರೆದೊಯ್ಯುತ್ತಾರೆ ಎಂದುಕೊಂಡೆ. ಅವರು ಅವಳ ಕೈಯಿಂದ ಬ್ರಷ್ ತೆಗೆದುಕೊಂಡರು.

"ಟೇಪ್ ಅಂಟಿಸದೆ ಎಳೆದ್ರೆ ಸೊಟ್ಟ ಆಗದೆ ಇನ್ನೇನಾಗುತ್ತೆ?" ಎಂದರು. ಒಳಗಿನಿಂದ ಟೇಪಿನ ಸುರುಳಿ ತಂದರು. "ಬಾ, ಆ ತುದಿ ಹಿಡ್ಕೋ."

ಹುಟ್ಟಿದಾಗಿನಿಂದ ಒಂದು ನೆಟ್ಟಗಿನ ಗೆರೆ ಎಳೆಯದ ಮನುಷ್ಯ ನನ್ನ ಅಕ್ಕನಿಗೆ ಪಾಠ ಹೇಳಿದರು. ಅವಳು ತುದಿ ಹಿಡಿದಳು. ಎರಡು ಭಾನುವಾರ ಇಬ್ಬರೂ ಸೇರಿ ಮನೆಯ ಪ್ರತಿ ಅಂಚಿಗೂ, ಮೆಟ್ಟಿಲಿಗೂ, ಸ್ವಿಚ್ಚಿನ ಸುತ್ತಲೂ ಕಪ್ಪು ಪಟ್ಟಿ ಬಳಿದರು. "ಇಷ್ಟು ಅಗಲ ಸಾಕಾ? ಅಲ್ಲಿಂದ ಕಾಣುತ್ತಾ?" ಎಂದು ಅವಳನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ಅಮ್ಮನ ಕುರ್ಚಿಯನ್ನು ತಾವೇ ಹೊತ್ತು ಬೀದಿಗಿಟ್ಟು ಬಂದರು. ಹಾಗೆಂದು ಕೆಲಸವೇನೂ ಸುಧಾರಿಸಲಿಲ್ಲ ಬಿಡಿ. ಎಲ್ಲ ಪಟ್ಟಿಯಿಂದಲೂ ಬಣ್ಣ ಸೋರಿತ್ತು.

ಮುಂದಿನ ತಿಂಗಳು ಭಾವನ ಅಣ್ಣ ಬಂದರು. ಅವರ ಬಾಯಿಗೆ ಬಿದ್ದ ಸುದ್ದಿ ಸಂಜೆಯೊಳಗೆ ನೆಂಟರಿಗೆಲ್ಲ ಮುಟ್ಟುತ್ತದೆ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸುವುದರಲ್ಲೂ ಮುಂದಾಳು ಅವರೇ. "ಏನೋ ಇದು, ಮನೆ ತುಂಬ ಕಪ್ಪು ಪಟ್ಟಿ? ತಲೆ ನೆಟ್ಟಗಿದೆಯಾ?" ಎಂದರು. ಅಡಿಗೆಮನೆಯಲ್ಲಿ ಅಕ್ಕನ ಲೋಟದ ಸದ್ದು ನಿಂತಿತು.

"ಇದು ಈಗಿನ ಫ್ಯಾಷನ್ ಅಣ್ಣ. ನಾನೇ ಯೋಚನೆ ಮಾಡಿದ್ದು" ಎಂದರು ಭಾವ, ಎದೆಯುಬ್ಬಿಸಿ.

ಅಣ್ಣ ಕೆಮ್ಮು ಬರುವವರೆಗೂ ನಕ್ಕರು. "ನಿನ್ನ ಬಿಟ್ಟರೆ ಇನ್ಯಾವ ತಲೆಕೆಟ್ಟವರು ಹೀಗೆ ಮಾಡಿಸ್ಕೋತಾರೋ?"

ಭಾವನ ಕಿವಿ ಕೆಂಪಾಯಿತು. ಒಂದು ಮಾತು ಹೇಳಿದ್ದರೆ ಆ ನಗು ಅಲ್ಲೇ ನಿಲ್ಲುತ್ತಿತ್ತು. ಅದನ್ನು ಹೇಳಲಿಲ್ಲ. ನನ್ನ ಕಡೆ ತಿರುಗಿ, "ಇವಳೇ ಕೇಳಿದಾಳೆ, ಅವಳ ಬೀರುಗೂ ಹೀಗೇ ಮಾಡಿಕೊಡಿ ಅಂತ" ಎಂದರು.

ಅಕ್ಕ ತಟ್ಟೆ ಹಿಡಿದು ಬಂದಳು. ಮೇಜಿನ ನಟ್ಟನಡುವೆ, ತಡವದೆ, ಒಂದು ಹನಿ ತುಳುಕಿಸದೆ ಇಟ್ಟಳು. ಅಣ್ಣ ನನ್ನನ್ನೇ ನೋಡುತ್ತಿದ್ದರು.

"ಹೌದು, ನಾನೇ ಕೇಳಿದ್ದು" ಎಂದೆ.

ಮರು ಭಾನುವಾರ ಬೆಳಿಗ್ಗೆ ಎಂಟಕ್ಕೇ ಭಾವ ಎರಡೂ ಬಣ್ಣದ ಡಬ್ಬ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಅವತ್ತು ಸುಮ್ಮನೆ ಹೇಳಿದ್ದಲ್ವಾ ಭಾವ?"

"ಅಣ್ಣ ನಿಮ್ಮನೆಗೂ ಬರ್ತಾನಲ್ಲ. ನೋಡದೆ ಬಿಡ್ತಾನಾ?"

ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಉಜ್ಜಲಿಲ್ಲ, ಒರೆಸಲಿಲ್ಲ, ಅಪ್ಪನ ಬೀರುವಿಗೆ ನೇರ ಕೆನೆಬಣ್ಣ ಬಳಿದರು, ಕೀಲುಗಳಿಗೂ ಸೇರಿಸಿ; ಅಂಚಿಗೂ ಹಿಡಿಗೂ ಕಪ್ಪು ಹಚ್ಚಿದರು. ಅದರ ಎಡಬಾಗಿಲು ಇವತ್ತಿಗೂ ಮುಚ್ಚುವುದಿಲ್ಲ, ಕಾಗದ ಮಡಚಿ ಸಿಕ್ಕಿಸಿದ್ದೇನೆ. ನೋಡಿದಾಗಲೆಲ್ಲ ಅವರಿಗೆ ಬೈಯುತ್ತೇನೆ. ಅಕ್ಕ ಬಂದಾಗ ಮಾತ್ರ ನೇರ ಹೋಗಿ, ಒಂದೇ ಸಲಕ್ಕೆ ಅದರ ಹಿಡಿ ಹಿಡಿಯುತ್ತಾಳೆ.