ಒಂದು ಗೇಣು ಮಣ್ಣು

ವಿಜಯಪುರದ ಉದ್ಯಾನ, ಫುಟ್‌ಪಾತ್‌ಗಳನ್ನು ಕಟ್ಟಿಸಿ ನಿವೃತ್ತರಾದ ಇಂಜಿನಿಯರ್ ಗುರಲಿಂಗಪ್ಪನವರ ಸ್ಕೂಟರಿನಲ್ಲಿ ಈಗ ಸದಾ ಒಂದು ಹಾರೆ ಇರುತ್ತದೆ. ಬುಡದವರೆಗೆ ಸಿಮೆಂಟ್ ಬಳಿದ ಗಿಡ ಕಂಡರೆ ಸಾಕು, ಮದುವೆಗೆ ಹೊರಟಿದ್ದರೂ ಇಸ್ತ್ರಿ ಅಂಗಿಯಲ್ಲೇ ಆ ಸಿಮೆಂಟ್ ಒಡೆಯಲು ಕೂತುಬಿಡುತ್ತಾರೆ. "ಗಿಡಕ್ಕೂ ನೀರಡಿಕಿ ಆಗತೈತ್ರಿ, ಒಂದ ಗೇಣ ಮಣ್ಣ ಬಿಡ್ರಿ" ಎಂದು ಬೀಗರ ಅಂಗಳದಲ್ಲೂ ರೇಗುತ್ತಾರೆ. ಮನೆಯವರು ಹಾರೆ ಬಚ್ಚಿಟ್ಟರೆ ಒನಕೆ ಹೊತ್ತು ಹೊರಡುವ ಆಸಾಮಿ. ತಿಕೋಟಾ ರಸ್ತೆಯ ಉದ್ಯಾನದ ಮುಂದೆ ಮಾತ್ರ ಆ ಹಾರೆ ಕೆಳಗಿಳಿಯುವುದಿಲ್ಲ. ಎಷ್ಟೋ ಬರಗಾಲ ದಾಟಿದ್ದ ಅಲ್ಲಿಯ ಬೇವಿನಮರದ ಸುತ್ತ, ಚೆಂದ ಕಾಣಲೆಂದು ಬುಡಕ್ಕಂಟಿಸಿ ಕಾಂಕ್ರೀಟ್ ಹಾಕಿಸಿದವರು ಇವರೇ. ಎರಡೇ ಬೇಸಿಗೆಗೆ ಮರ ಒಣಗಿಹೋಯಿತು. ಅದರ ನೆರಳಲ್ಲಿ ಸವತೆಕಾಯಿ ಮಾರುತ್ತಿದ್ದ ಹುಚ್ಚವ್ವ ಇವತ್ತಿಗೂ ಅಲ್ಲೇ ಕೂರುತ್ತಾಳೆ. ಮಧ್ಯಾಹ್ನ ಇವರು ಹೋಗಿ ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಲ್ಲುತ್ತಾರೆ. "ಮನಿಗಿ ಹೋಗ್ರಿ ಸಾಹೇಬ್ರ, ನನಗ ಬಿಸಲ ರೂಢಿ ಆಗೈತಿ" ಎನ್ನುತ್ತಾಳೆ ಅವಳು. ಇವರಿಗಿನ್ನೂ ಆಗಿಲ್ಲ.