ವೈನಿ ಬರೆದ ಶ್ರೀ

ಇಂದು ಮುಂಡಗೋಡದಿಂದ ಬಂದ ಲಗ್ನಪತ್ರಿಕೆಯ ಮೂಲೆಗೆ ಹಚ್ಚಿದ ಅರಿಷಿಣ ಇನ್ನೂ ಘಮ್ಮೆನ್ನುತ್ತಿತ್ತು. ನಾನು ಮಾತ್ರ ಅದರ ನೆತ್ತಿ ನೋಡಿ ನಕ್ಕೆ. ಎರಡು ನೆಟ್ಟಗಿನ ಗೆರೆ, ನಡುವೆ ಶ್ರೀ, ಮತ್ತೆರಡು ಗೆರೆ. ಇದರಲ್ಲಿ ನಗುವಂಥದ್ದೇನು ಎನ್ನುತ್ತೀರಾ? ಕೂಡ್ರಿ, ಹೇಳುತ್ತೇನೆ.

ಅಂಬೇವಾಡಿಯಲ್ಲಿರುವ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಹಳಿಯಾಳದ ಕಡೆಯವರು. ಶಾಲೆಯಲ್ಲಿ ಬಾಯಾರು ಎನಿಸಿಕೊಂಡು ಕಲಿಸಿ ನಿವೃತ್ತರಾದ ಮೇಲೆ ಅವರಿಗೆ ಒಗಟಿನ ಹುಚ್ಚು ಹಿಡಿಯಿತು. ಜೋಯಿಡಾದ ಕೊಂಕಣಿ ಅಜ್ಜಿಯಾಗಲಿ, ಧಾರವಾಡದಿಂದ ಬಂದು ಪೇಪರ್ ಮಿಲ್ಲಿನ ಬಳಿ ನೆಲೆಸಿದ ಗೌರಕ್ಕನಾಗಲಿ, ಒಂದು ಒಗಟು ಒಪ್ಪಿಸದೆ ಅವರ ಕೈಯಿಂದ ಪಾರಾದವರಿಲ್ಲ. ಅವನ್ನೆಲ್ಲ ಕ್ಲೌಡಿಗೆ, ಅಂದರೆ ಎಲ್ಲೋ ದೂರದ ಕಂಪ್ಯೂಟರಿಗೆ, ಏರಿಸಿದವನು ನಾನು. ಕರಿ ಪರದೆಯ ಮೇಲೆ ಆಜ್ಞೆ ಟೈಪು ಮಾಡಿ ನಡೆಸುವ ಕಮಾಂಡ್ ಲೈನು. ಅದರೊಳಗೆ ನಮ್ಮ ಪಾಲಿನದೊಂದು ಹೋಮ್ ಡೈರೆಕ್ಟರಿ, ನಮ್ಮ ಕಡತಗಳೆಲ್ಲ ಇರುವ ಮನೆ. ಒಂದು ಪದ ಹೊಡೆದರೆ ಒಗಟುಗಳು ಒಂದೊಂದಾಗಿ ಹೊರಬರುವಂತೆ ಮಾಡಿಟ್ಟು, ವೈನಿಗೂ ಕಲಿಸಿ, ಇಲ್ಲದ ಮೀಸೆ ತಿರುವಿದ್ದೆ.

ಒಗಟು ಹೇಳಿದವರನ್ನೆಲ್ಲ ವೈನಿ ಒಂದು ಸಂಜೆ ಮನೆಗೆ ಕರೆದರು. ಅವರವರ ಒಗಟು ಅವರ ಮುಂದೆಯೇ ಓದಬೇಕೆಂಬ ಹಟ. ಪಡಸಾಲೆ ತುಂಬಿತು, ಅವಲಕ್ಕಿಯ ತಾಟು ತಿರುಗಿತು. ನಾನು ಪದ ಹೊಡೆದೆ. ಪರದೆ ಅಂಥ ಆಜ್ಞೆಯೇ ಗೊತ್ತಿಲ್ಲವೆಂದಿತು. ಮುಚ್ಚಿ ತೆರೆದರೆ ಇಂಗ್ಲಿಷಿನಲ್ಲಿ ಎರಡು ಸಾಲು ಬೈಗುಳ. ಒಗಟುಗಳಿಗೆ ಬೇರೆ ಪ್ರತಿ ಎಲ್ಲಿಯೂ ಇರಲಿಲ್ಲ. ಗಡಬಡಿಸಿ ಸಹಾಯದ ಪುಟ ತೆರೆದೆ. ಅದು ತಣ್ಣಗೆ ಹೇಳಿತು: ಹೋಮ್ ಡೈರೆಕ್ಟರಿ ಕೆಟ್ಟಿದ್ದರೆ ಪೂರ್ತಿ ಅಳಿಸಿ, ಹೊಸದಾಗಿ ಶುರು ಮಾಡಿ.

"ಅಳಸೂದಂದ್ರ?" ಎಂದರು ವೈನಿ.

"ಒಳಗಿಂದೆಲ್ಲಾ ಹೋಗ್ತೈತ್ರಿ."

"ಬಾಗಲಾ ಬಿಗದ್ರ ಮನೀನಽ ಕೆಡವತಾರೇನೋ ತಮ್ಮಾ? ಮೊದಲ ಅದು ಏನಂತ ಬೈತೈತಿ, ಓದು."

ಓದಿದೆ. ಗಾಬರಿಯಲ್ಲಿ ಅಷ್ಟೂ ಹೊಳೆದಿರಲಿಲ್ಲ ನೋಡಿ. ಪ್ರತಿಸಲ ಬಾಗಿಲು ತೆರೆಯುವಾಗ ಯಂತ್ರ ಓದಿಕೊಳ್ಳುವ ಕಡತವೊಂದಿದೆ; ಒಗಟು ತರುವ ಪದವನ್ನು ನಾನು ಬರೆದಿಟ್ಟದ್ದೂ ಅದರಲ್ಲೇ. ಅದರ ಮೊದಲ ಸಾಲಿನಲ್ಲೇ ಎಡವಿ, ಮುಂದಿನದನ್ನು ಓದದೆ ಬಿಟ್ಟಿತ್ತು. ತೆರೆದು ನೋಡಿದರೆ ನೆತ್ತಿಯ ಮೇಲೆ || ಶ್ರೀ ||. ಆ ಜೋಡಿ ಗೆರೆ ಯಂತ್ರದ ಭಾಷೆಯಲ್ಲಿ ಎರಡು ಆಜ್ಞೆಗಳ ನಡುವೆ ಬರುವ ಗುರುತು; ಮೊದಲಲ್ಲೇ ಬಂದರೆ ಯಂತ್ರ ತಬ್ಬಿಬ್ಬು. ಶ್ರೀಯ ಕೆಳಗೆ ನಾನು ಬರೆದದ್ದೆಲ್ಲ ಹಾಗೆಯೇ ಇತ್ತು. ಒಗಟುಗಳೂ ತಮ್ಮ ಜಾಗದಲ್ಲಿ ಸುಖವಾಗಿ ಕೂತಿದ್ದವು!

"ಇದನ್ನ ಯಾರ ಬರದ್ರು?"

"ನಾನಽ. ನಿನ್ನೆ ನೋಡಿದೆ, ತೆಲಿ ಮ್ಯಾಲ ಶ್ರೀ ಇಲ್ಲದಽ ಶುರು ಮಾಡೀದಿ. ಹಂಗ ಬರದ್ರ ಕೆಲಸ ಕೂಡಿ ಬರತೈತೇನು?"

ಗೌರಕ್ಕ ಕಿಸಕ್ಕನೆ ನಕ್ಕಳು. "ದೇವರನ್ನ ಬಾಗಲದಾಗ ಅಡ್ಡ ನಿಂದರಸಿ, ನಮ್ಮನ್ನ ಹೊರಗಽ ಇಟ್ರಿ ನೋಡ್ರಿ, ಬಾಯಾರ!"

ನಾನು ಆ ಸಾಲನ್ನು ಅಳಿಸಲು ಹೋದೆ.

"ಶ್ರೀಗೆ ಕೈ ಹಚ್ಚಬ್ಯಾಡ!" ವೈನಿ ನನ್ನ ಮಣಿಕಟ್ಟನ್ನೇ ಹಿಡಿದರು.

ಅಳಿಸಲಿಲ್ಲ. ಸಾಲಿನ ಮುಂದೆ ಒಂದು ಹ್ಯಾಶ್ (#) ಗುರುತು ಹಾಕಿದೆ. ಆ ಗುರುತಿದ್ದರೆ ಯಂತ್ರ ಸಾಲನ್ನು ಓದದೆ ದಾಟುತ್ತದೆ. ಅದು ಮನುಷ್ಯರು ಓದಲಿಕ್ಕೆ ಮಾತ್ರ. ಮತ್ತೆ ತೆರೆದೆ. ಬೈಗುಳವಿಲ್ಲ. ಪದ ಹೊಡೆದೆ. ವೈನಿ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಹೊಟ್ಟಿ ತುಂಬ ಹಲ್ಲು, ಯಾರಿಗೂ ಕಡದಿಲ್ಲ!"

"ದಾಳಿಂಬ್ರಿ!" ಎಂದು ಪಡಸಾಲೆಯೇ ಕೂಗಿತು. ಜೋಯಿಡಾದ ಅಜ್ಜಿ ಎದ್ದು ನಿಂತು, ಎದೆ ಮುಟ್ಟಿಕೊಂಡು, "ನಂದು ಅದು, ನಂದು!" ಎಂದು ಎಲ್ಲರಿಗೂ ಸಾರಿದರು. ಉಳವಿಯ ಗುಡಿಯ ಗಂಟೆ ಬಾರಿಸಿ ಬಂದವನಂತೆ ನಾನು ಬೀಗಿದೆ.

ಈಗ ಯಾವ ಕಡತ ತೆರೆದರೂ ನನ್ನ ಬೆರಳು ತಾನಾಗಿ ಮೊದಲು ಹ್ಯಾಶ್, ಆಮೇಲೆ ಶ್ರೀ ಹೊಡೆಯುತ್ತದೆ. ಯಂತ್ರ ಓದುವುದಿಲ್ಲ. ಬಿಡಲಿ, ನಾನು ಓದುತ್ತೇನೆ.